ಕೂರದ ರ‍್ಯಾಮು, ಬಿಸಿಯಾಗುವ ಟಿಸಿ: ಮದರ್‌ಬೋರ್ಡ್ ಆರಿಸೋದು ಹೇಗೆ?

ಯುಗಾದಿಗೆ ತಿಪಟೂರಿನ ತಂಗಿ ಮನೆಗೆ ಹೋಗಿದ್ದೆ. ಒಬ್ಬಟ್ಟು ತಿಂದು ಕೈ ತೊಳೆಯುವಷ್ಟರಲ್ಲಿ ಅಳಿಯ ಬಂದು ನಿಂತ. “ಮಾವ, ಸ್ವಲ್ಪ ಬಾ. ರ‍್ಯಾಮ್ ಕೂರ್ತಿಲ್ಲ.”

ಹುಡುಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹಾಸ್ಟೆಲ್ ಬಿಟ್ಟು ರೂಮ್ ಮಾಡಿದ ಮೇಲೆ ತಾನೇ ಕೂತು ಒಂದು ಡೆಸ್ಕ್‌ಟಾಪ್ ಜೋಡಿಸಬೇಕು ಅಂತ ಹುಚ್ಚು. ರಜೆಗೆ ಬರುವಾಗ ಸಾಮಾನೆಲ್ಲ ಊರಿಗೇ ಹೊತ್ತು ತಂದಿದ್ದ. ನಡುಮನೆಯಲ್ಲಿ ಚಾಪೆ, ಚಾಪೆ ಮೇಲೆ ರಟ್ಟಿನ ಡಬ್ಬಿ, ಡಬ್ಬಿ ಮೇಲೆ ಮದರ್‌ಬೋರ್ಡ್. ಎರಡೂ ಹೆಬ್ಬೆರಳಲ್ಲಿ ರ‍್ಯಾಮ್ ಪಟ್ಟಿಯನ್ನು ಒತ್ತುತ್ತಿದ್ದ. ಬೋರ್ಡು ಬಿಲ್ಲಿನ ಹಾಗೆ ಬಾಗುತ್ತಿತ್ತು. ನನಗೆ ಜೀವ ಬಾಯಿಗೆ ಬಂತು.

ಪಟ್ಟಿಯನ್ನು ಕೈಗೆ ತಗೊಂಡು ಸ್ಲಾಟಿನ ಪಕ್ಕ ಹಿಡಿದು ನೋಡಿದೆ. ಪಟ್ಟಿಯ ಹಲ್ಲುಗಳ ನಡುವೆ ಒಂದು ಸಣ್ಣ ಕಚ್ಚು ಇರುತ್ತದೆ. ಸ್ಲಾಟಿನೊಳಗಿನ ಗೂಟ ಆ ಕಚ್ಚಿಗೆ ಸರಿಯಾಗಿ ಕೂರಬೇಕು. ಇಲ್ಲಿ ಎರಡೂ ಕೆಲವೇ ಮಿಲಿಮೀಟರ್ ಆಚೀಚೆ. ಪಟ್ಟಿಯ ಮೇಲಿನ ಸ್ಟಿಕರ್ ಓದಿದರೆ ಡಿಡಿಆರ್4. ಬೋರ್ಡಿನ ಡಬ್ಬಿ ಓದಿದರೆ ಡಿಡಿಆರ್5. ಇವು ರ‍್ಯಾಮಿನ ಎರಡು ತಲೆಮಾರು, 4 ಹಳೆಯದು, 5 ಹೊಸದು. ಎರಡಕ್ಕೂ 288 ಪಿನ್ನೇ. ಉದ್ದವೂ ಒಂದೇ. ಆದರೆ ಡಿಡಿಆರ್4 ಓಡುವುದು 1.2 ವೋಲ್ಟಿನಲ್ಲಿ, ಡಿಡಿಆರ್5 ಓಡುವುದು 1.1ರಲ್ಲಿ. ಒಳಗಿನ ಜೋಡಣೆಯೂ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಹೋಗದಿರಲಿ ಅಂತಲೇ ಕಚ್ಚಿನ ಜಾಗ ಬದಲಿಸಿದ್ದಾರೆ. ಇನ್ನೊಂದು ನಿಮಿಷ ಒತ್ತಿದ್ದರೆ ಸ್ಲಾಟೇ ಬಿರುಕು ಬಿಡುತ್ತಿತ್ತು.

“ಏನಂತ ಕೇಳಿ ತಗೊಂಡ್ಯೋ?”

“ಎಚ್610 ಕೊಡಿ ಅಂದೆ. ಕೊಟ್ರು.”

ಕೇಳಿದ್ದನ್ನೇ ಕೊಟ್ಟಿದ್ದಾರೆ, ತಪ್ಪು ಅಂತ ಹೇಳೋಕೂ ಆಗಲ್ಲ. ಎಚ್610 ಅನ್ನುವ ಹೆಸರಿನಲ್ಲಿ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಬಿ660, ಬಿ760 ಕಥೆಯೂ ಇದೇ. ಎಷ್ಟೋ ಬೋರ್ಡುಗಳ ಹೆಸರಿನ ಬಾಲದಲ್ಲಿ ‘ಡಿ4’ ಅಂತ ಪುಟ್ಟದಾಗಿ ಬರೆದಿರುತ್ತದೆ. ಆ ಎರಡು ಅಕ್ಷರ ನೋಡದೆ ಬಂದರೆ ಇದೇ ಗತಿ. ಇವನು ಸೀನಿಯರ್ ಒಬ್ಬನ ಹತ್ತಿರ 8 ಜಿಬಿಯ ಎರಡು ಡಿಡಿಆರ್4 ಪಟ್ಟಿ ಅಗ್ಗಕ್ಕೆ ಕೊಂಡಿದ್ದ. ಬೋರ್ಡು ಮಾತ್ರ ಇನ್ನೊಂದು ಜಾತಿಯದು.

ಅವತ್ತು ಮಧ್ಯಾಹ್ನ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮದರ್‌ಬೋರ್ಡ್ ತಾನಾಗಿ ಯಾವ ಕೆಲಸವನ್ನೂ ಮಾಡಲ್ಲ. ಲೆಕ್ಕ ಮಾಡೋದು ಪ್ರೊಸೆಸರ್, ನೆನಪಿಡೋದು ರ‍್ಯಾಮ್, ಚಿತ್ರ ತೋರಿಸೋದು ಗ್ರಾಫಿಕ್ಸ್. ಬೋರ್ಡಿನ ಕೆಲಸ ಇವರೆಲ್ಲರಿಗೂ ಜಾಗ ಕೊಡೋದು, ಕರೆಂಟ್ ಕೊಡೋದು, ಒಬ್ಬರಿಗೊಬ್ಬರು ಮಾತಾಡೋಕೆ ದಾರಿ ಕೊಡೋದು. ಅದಕ್ಕೇ ದುಬಾರಿ ಬೋರ್ಡ್ ಹಾಕಿದ ಮಾತ್ರಕ್ಕೆ ಕಂಪ್ಯೂಟರ್ ವೇಗವಾಗಲ್ಲ. ಆದರೆ ರ‍್ಯಾಮನ್ನು ಎರಡು ನಿಮಿಷದಲ್ಲಿ ಬದಲಿಸಬಹುದು, ಹಾರ್ಡ್ ಡಿಸ್ಕ್‌ಗೆ ಕೆಲವು ಸ್ಕ್ರೂ ಬಿಚ್ಚಿದರೆ ಸಾಕು. ಬೋರ್ಡ್ ಬದಲಿಸಬೇಕು ಅಂದರೆ ಇಡೀ ಸಂಸಾರ ಬೀದಿಗೆ ಬರಬೇಕು.

ಹಾಗಾಗಿ ನನ್ನ ಲೆಕ್ಕ ಸರಳ. ಆಮೇಲೆ ಸೇರಿಸೋಕೆ ಆಗದೇ ಇರೋದಕ್ಕೆ ಈಗ ದುಡ್ಡು ಕೊಡಿ. ಆಮೇಲೆ ಸೇರಿಸಬಹುದಾದ್ದಕ್ಕೆ ಈಗ ಕೊಡಬೇಡಿ. ವೈಫೈ ಬೇಕಾದರೆ ನಾಳೆ ಒಂದು ಯುಎಸ್‌ಬಿ ಕಡ್ಡಿ ಚುಚ್ಚಬಹುದು. ಬಣ್ಣದ ಲೈಟು ದೀಪಾವಳಿಗೆ ತಂದು ಹಾಕಬಹುದು. ಸಾಕೆಟ್ಟು, ರ‍್ಯಾಮ್ ಸ್ಲಾಟು, ಕರೆಂಟ್ ಕೊಡುವ ಭಾಗ, ಇವನ್ನು ಆಮೇಲೆ ಯಾರ ಹತ್ತಿರ ಬೇಡಿದರೂ ಸಿಗಲ್ಲ.

ಮೊದಲು ಸಾಕೆಟ್. ಪ್ರೊಸೆಸರ್ ಕೂರುವ ಚೌಕ ಅದು. ಪ್ರೊಸೆಸರ್ ಯಾವುದು ಅಂತ ತೀರ್ಮಾನ ಆಗದೆ ಬೋರ್ಡ್ ಅಂಗಡಿಗೆ ಹೋಗೋದು, ಕಾಲಿನ ಅಳತೆ ಗೊತ್ತಿಲ್ಲದೆ ಬೇರೆಯವರಿಗೆ ಚಪ್ಪಲಿ ತರೋಕೆ ಹೋದ ಹಾಗೆ. ಇಂಟೆಲ್‌ನ 12, 13, 14ನೇ ಜನರೇಷನ್‌ಗಳು ಎಲ್‌ಜಿಎ 1700 ಸಾಕೆಟ್ಟಿಗೆ ಕೂರುತ್ತವೆ. ಈ ಸಾಕೆಟ್ ಬಂದಿದ್ದು 2021ರಲ್ಲಿ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿಗೆ ಎಲ್‌ಜಿಎ 1851, ಅದಕ್ಕೆ ಡಿಡಿಆರ್5 ಮಾತ್ರ. ಎಎಂಡಿಯಲ್ಲಿ ಹಳೆಯ ಎಎಂ4ಗೆ ಡಿಡಿಆರ್4 ಮಾತ್ರ, 2022ರಲ್ಲಿ ಬಂದ ಎಎಂ5ಗೆ ಡಿಡಿಆರ್5 ಮಾತ್ರ. ಅಂದರೆ ನಮ್ಮ ಹುಡುಗ ಎಡವಿದ ಗೊಂದಲ ಇರೋದು ಮುಖ್ಯವಾಗಿ ಎಲ್‌ಜಿಎ 1700ನಲ್ಲಿ.

ಸಾಕೆಟ್ ಹೊಂದಿತು ಅಂದ ತಕ್ಷಣ ಮುಗಿಯಲ್ಲ. 2017ರಲ್ಲಿ ಇಂಟೆಲ್ 8ನೇ ಜನರೇಷನ್ ಬಂದಾಗ ಪಿನ್‌ಗಳ ಸಂಖ್ಯೆ ಹಳೆಯದೇ, 1151. ಹಳೇ ಬೋರ್ಡಿನಲ್ಲಿ ಪ್ರೊಸೆಸರ್ ಆರಾಮಾಗಿ ಕೂರುತ್ತಿತ್ತು. ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಇನ್ನೊಂದು ತೊಡಕು ಬಯೋಸ್. ಬೋರ್ಡಿನೊಳಗೇ ಇರುವ ಈ ಪುಟ್ಟ ಪ್ರೋಗ್ರಾಮಿಗೆ ನಿಮ್ಮ ಪ್ರೊಸೆಸರ್‌ನ ಪರಿಚಯ ಇರಬೇಕು. 12ನೇ ಜನರೇಷನ್ ಕಾಲದಲ್ಲಿ ತಯಾರಾಗಿ ಗೋದಾಮಿನಲ್ಲಿ ಕೂತಿದ್ದ ಬೋರ್ಡಿಗೆ 14ನೇ ಜನರೇಷನ್ ಪ್ರೊಸೆಸರ್ ಹಾಕಿದರೆ ಪರದೆ ಕಪ್ಪಗೇ ಇರಬಹುದು. ಬಯೋಸ್ ಅಪ್‌ಡೇಟ್ ಆಗಬೇಕು, ಅದಕ್ಕೆ ಹಳೇ ಪ್ರೊಸೆಸರ್ ಒಂದು ಬೇಕು. ಕೆಲವು ಬೋರ್ಡುಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಅನ್ನುವ ಬಟನ್ ಇರುತ್ತದೆ. ಪೆನ್‌ಡ್ರೈವ್ ಚುಚ್ಚಿ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಆಗುತ್ತದೆ. ಅದಿಲ್ಲದಿದ್ದರೆ ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ. ತಿಪಟೂರಿನಿಂದ ತುಮಕೂರಿಗೆ ಅಷ್ಟಕ್ಕೇ ಮತ್ತೆ ರೈಲು ಹತ್ತೋದು ಬೇಸರದ ಕೆಲಸ.

ಯಾವ ಬೋರ್ಡು ಯಾವ ಪ್ರೊಸೆಸರ್‌ಗೆ ಒಗ್ಗುತ್ತದೆ ಅನ್ನುವ ಪಟ್ಟಿ ತಯಾರಕರ ವೆಬ್‌ಸೈಟಿನಲ್ಲಿ ಆ ಬೋರ್ಡಿನ ಪುಟದಲ್ಲೇ ಇರುತ್ತದೆ. ಎಷ್ಟನೇ ಬಯೋಸ್‌ನಿಂದ ಅಂತಲೂ ಬರೆದಿರುತ್ತಾರೆ. ವಿಡಿಯೋ ನೋಡುವ ಮುಂಚೆ ಆ ಪಟ್ಟಿ ನೋಡಿ.

ಇನ್ನು ಈ ಎಚ್610, ಬಿ760 ಅನ್ನುವ ಹೆಸರುಗಳು. ಇವು ಚಿಪ್‌ಸೆಟ್. ಬೋರ್ಡಿನ ದರ್ಜೆ ಅಂದುಕೊಳ್ಳಿ. ಇಂಟೆಲ್‌ನಲ್ಲಿ ಎಚ್610 ಥರದ್ದು ಕೆಳಗಿನದು, ಬಿ ನಡುವಿನದು, ಝಡ್ ಮೇಲಿನದು. ಎಎಂಡಿಯಲ್ಲಿ ಎ, ಬಿ, ಎಕ್ಸ್. ಕೆ ಅಕ್ಷರದ ಇಂಟೆಲ್ ಪ್ರೊಸೆಸರ್ ತಂದು ಓವರ್‌ಕ್ಲಾಕ್ ಮಾಡುವವರಿಗೆ, ಅಂದರೆ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸುವವರಿಗೆ, ಮಾತ್ರ ಝಡ್ ಬೇಕು. ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಅದು ಬೇಡ, ಇದು ನನ್ನ ಅಂದಾಜು. ಎಚ್610ನಲ್ಲಿ ರ‍್ಯಾಮ್ ವೇಗವನ್ನು ಏರಿಸೋಕೆ ಬರಲ್ಲ. 3600ರ ಡಿಡಿಆರ್4 ಹಾಕಿದರೂ ಅದು 3200ರಲ್ಲೇ ಓಡುತ್ತದೆ. ಬಿ760ನಲ್ಲಿ ಆ ಕಟ್ಟು ಇಲ್ಲ.

ಚಿಪ್‌ಸೆಟ್ ಹಂಚುವ ದಾರಿಗಳ ವಿಷಯವನ್ನೂ ಸ್ವಲ್ಪ ತಿಳಿದಿರಬೇಕು. ಗ್ರಾಫಿಕ್ಸ್ ಕಾರ್ಡಿನ ಉದ್ದನೆಯ ಸ್ಲಾಟು ನೇರವಾಗಿ ಪ್ರೊಸೆಸರ್‌ಗೇ ಸೇರುತ್ತದೆ. ಬೆಂಗಳೂರು ಕಡೆಗೆ ನೇರ ಹೈವೇ ಹತ್ತಿದ ಹಾಗೆ. ಯುಎಸ್‌ಬಿ, ಲ್ಯಾನ್, ಸಾಟಾ (ಹಾರ್ಡ್ ಡಿಸ್ಕಿನ ವೈರ್ ಚುಚ್ಚುವ ಜಾಗ), ಉಳಿದ ಸಣ್ಣ ಸ್ಲಾಟುಗಳಲ್ಲಿ ಹೆಚ್ಚಿನವು ಮೊದಲು ಚಿಪ್‌ಸೆಟ್‌ಗೆ ಬಂದು, ಅಲ್ಲಿಂದ ಒಂದೇ ದಾರಿಯಲ್ಲಿ ಪ್ರೊಸೆಸರ್‌ಗೆ ಹೋಗಬೇಕು. ತುಮಕೂರಿನ ಊರೊಳಗಿನ ಬೀದಿಗಳಿಂದ ಹೊರಟ ಗಾಡಿಗಳೆಲ್ಲ ಕ್ಯಾತ್ಸಂದ್ರದ ಹತ್ತಿರ ಒಂದೇ ಕಡೆ ಸೇರುತ್ತವಲ್ಲ, ಹಾಗೆ. ಎಚ್610ನಲ್ಲಿ ಎಂ.2 ಎಸ್‌ಎಸ್‌ಡಿ (ಬೋರ್ಡಿಗೇ ನೇರ ಚುಚ್ಚುವ, ಫೈಲುಗಳನ್ನು ಇಡುವ ಪುಟ್ಟ ಪಟ್ಟಿ) ಕೂಡ ಈ ಊರೊಳಗಿನ ಬೀದಿಯಲ್ಲೇ ಇರುತ್ತದೆ. ಹಾಗಾಗಿ ಸೆಕೆಂಡಿಗೆ 7,000 ಎಂಬಿ ಓದುವ ಎಸ್‌ಎಸ್‌ಡಿ ತಂದು ಹಾಕಿದರೂ ಸುಮಾರು 3,500ಕ್ಕೆ ನಿಲ್ಲುತ್ತದೆ. ಅದಕ್ಕೇನು ಅಳಬೇಕಾಗಿಲ್ಲ. ಸಾಟಾ ಎಸ್‌ಎಸ್‌ಡಿ ಕೊಡೋದು 550ರ ಆಸುಪಾಸು ಮಾತ್ರ, ಅದೇ ನಮಗೆಲ್ಲ ವೇಗ ಅನ್ನಿಸಿಲ್ವಾ? ಆ 7,000ದ ಎಸ್‌ಎಸ್‌ಡಿಗೆ ಸುಮ್ನೆ ದುಡ್ಡು ಸುರಿಯಬೇಡಿ ಅಷ್ಟೇ.

ಈಗ ಅಂಗಡಿಯಲ್ಲಿ ಯಾರೂ ಹೇಳದ, ಡಬ್ಬಿ ಮೇಲೂ ಸರಿಯಾಗಿ ಬರೆಯದ ಭಾಗಕ್ಕೆ ಬರೋಣ. ವಿಆರ್‌ಎಂ. ಪ್ರೊಸೆಸರ್ ಸಾಕೆಟ್ಟಿನ ಎಡಕ್ಕೆ ಮತ್ತು ಮೇಲಕ್ಕೆ ಸಣ್ಣ ಕಪ್ಪು ಚೌಕಗಳು ಸಾಲಾಗಿ ನಿಂತಿರುತ್ತವಲ್ಲ, ಅದೇ.

ಹಳ್ಳಿಯವರಿಗೆ ಇದನ್ನು ವಿವರಿಸೋದು ಬಹಳ ಸುಲಭ. ವಿಆರ್‌ಎಂ ಅಂದರೆ ಬೋರ್ಡಿನ ಟಿಸಿ, ಅದೇ ಟ್ರಾನ್ಸ್‌ಫಾರ್ಮರ್. ತೋಟದ ಪಕ್ಕದ ಟಿಸಿ 11 ಸಾವಿರ ವೋಲ್ಟನ್ನು ಮೋಟಾರ್ ತಡೆಯುವಷ್ಟಕ್ಕೆ ಇಳಿಸುತ್ತದೆ. ಇಲ್ಲಿ ಎಸ್‌ಎಂಪಿಎಸ್ ಅನ್ನುವ ಪವರ್ ಸಪ್ಲೈ ಡಬ್ಬಿಯಿಂದ ಬಂದ 12 ವೋಲ್ಟನ್ನು ಪ್ರೊಸೆಸರ್ ತಡೆಯುವಷ್ಟಕ್ಕೆ, ಅಂದರೆ ಸುಮಾರು 1.2 ವೋಲ್ಟಿಗೆ ಇಳಿಸಬೇಕು. ವೋಲ್ಟ್ ಇಳಿದರೆ ಆಂಪ್ ಏರುತ್ತದೆ. 100 ವ್ಯಾಟ್ ಎಳೆಯುವ ಪ್ರೊಸೆಸರ್‌ಗೆ 1.2 ವೋಲ್ಟಿನಲ್ಲಿ 83 ಆಂಪ್ ಬೇಕು. ನಿಮ್ಮ ಮನೆಯ ಗೀಸರ್ ಚುಚ್ಚುವ ದೊಡ್ಡ ಸಾಕೆಟ್ 16 ಆಂಪಿನದು. ಅದರ ಐದು ಪಟ್ಟು ಕರೆಂಟು, ಊಟದ ತಟ್ಟೆಗಿಂತ ಚಿಕ್ಕ ಬೋರ್ಡಿನ ಒಂದು ಮೂಲೆಯಲ್ಲಿ ಹರಿಯುತ್ತಿರುತ್ತದೆ.

ಇಷ್ಟನ್ನು ಒಂದೇ ಚಿಪ್ಪು ಹೊರೋಕೆ ಆಗಲ್ಲ. ಅದಕ್ಕೆ ಫೇಸ್‌ಗಳು, ಅಂದರೆ ವೋಲ್ಟ್ ಇಳಿಸುವ ಒಂದೇ ಥರದ ಹಲವು ಸಣ್ಣ ಘಟಕಗಳು. ಉತ್ಸವದ ಪಲ್ಲಕ್ಕಿಗೆ ಹೆಗಲು ಕೊಡುವವರ ಹಾಗೆ ಸರದಿಯ ಮೇಲೆ ಭಾರ ಹೊರುತ್ತವೆ. ಜನ ಜಾಸ್ತಿ ಇದ್ದಷ್ಟೂ ಒಬ್ಬೊಬ್ಬರಿಗೆ ಭಾರ ಕಡಿಮೆ, ಬೆವರೂ ಕಡಿಮೆ. ಜನ ಕಮ್ಮಿ ಇದ್ದು ಪಲ್ಲಕ್ಕಿ ಭಾರ ಇದ್ದರೆ? ವಿಆರ್‌ಎಂ ಕಾದು ಕೆಂಡವಾಗುತ್ತದೆ. ತಾನು ಸುಡಬಾರದು ಅಂತ ಬೋರ್ಡು ಪ್ರೊಸೆಸರ್‌ನ ವೇಗವನ್ನೇ ಇಳಿಸುತ್ತದೆ. ನೀವು ಕೊಂಡ ದುಬಾರಿ ಪ್ರೊಸೆಸರ್ ಅಗ್ಗದ ಪ್ರೊಸೆಸರ್ ಹಾಗೆ ತೆವಳುತ್ತದೆ. ಐದು ಮೋಟಾರಿನ ಟಿಸಿಗೆ ಹತ್ತು ಮೋಟಾರ್ ಹಾಕಿದಾಗ ನೀರು ಬರೋದು ಹೇಗಿರುತ್ತೆ ಅಂತ ತೋಟ ಇರೋರನ್ನು ಕೇಳಿ.

ಡಬ್ಬಿ ಮೇಲೆ ದೊಡ್ಡದಾಗಿ ಬರೆದ ಫೇಸ್ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಎಣಿಸುವ ರೀತಿ ಕಂಪನಿಗೊಂದು ಥರ. ನಾನು ನೋಡೋದು ಬೇರೆ. ಆ ಕಪ್ಪು ಚೌಕಗಳ ಮೇಲೆ ಬಿಸಿ ಹೀರುವ ಅಲ್ಯೂಮಿನಿಯಂ ತುಂಡು, ಹೀಟ್‌ಸಿಂಕ್, ಕೂತಿದೆಯಾ, ಇಲ್ವಾ? ಬೋರ್ಡ್ ಕೈಗೆತ್ತಿಕೊಂಡರೆ ಕಾಣುತ್ತದೆ. ಐ3-12100 ಥರದ ಪ್ರೊಸೆಸರ್‌ಗೆ ಅದಿಲ್ಲದಿದ್ದರೂ ನಡೆಯುತ್ತದೆ. ಐ5-12400 ಮಾಮೂಲಿ ಲೆಕ್ಕದಲ್ಲಿ 65 ವ್ಯಾಟ್, ಆದರೆ ಜೋರು ಕೆಲಸ ಬಿದ್ದರೆ 117ರವರೆಗೂ ಹೋಗಬಹುದು. ಅಲ್ಲಿಂದ ಮೇಲಕ್ಕೆ ಹೀಟ್‌ಸಿಂಕ್ ಇರಲಿ. ಐ9-14900ಕೆ 253 ವ್ಯಾಟ್‌ವರೆಗೆ ಎಳೆಯುತ್ತದೆ. ಅದನ್ನು ಎಚ್610 ಮೇಲೆ ಕೂರಿಸೋದು ಟ್ರ್ಯಾಕ್ಟರ್ ಟ್ರೇಲರನ್ನು ಸ್ಕೂಟರಿಗೆ ಕಟ್ಟಿದ ಹಾಗೆ. ಸಾಕೆಟ್ ಹೊಂದುತ್ತದೆ, ಪಟ್ಟಿಯಲ್ಲಿ ಹೆಸರೂ ಇರಬಹುದು. ಆದರೂ ಬೇಡ. ಪಾವಗಡದ ಬೇಸಿಗೆಯಲ್ಲಿ, ಶೀಟಿನ ಮನೆಯಲ್ಲಿ ಕೂತು ಮದುವೆ ವಿಡಿಯೋ ಎಡಿಟ್ ಮಾಡುವವರಂತೂ ಈ ವಿಷಯದಲ್ಲಿ ಜಿಪುಣತನ ಮಾಡಬಾರದು.

ರ‍್ಯಾಮ್ ಸ್ಲಾಟು ಎರಡೋ ನಾಲ್ಕೋ? ಎರಡು ಪಟ್ಟಿ ಜೋಡಿಯಾಗಿ ಇದ್ದಾಗ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಎರಡು ಕೊಳವೆಯಲ್ಲಿ ನೀರು ಬಂದ ಹಾಗೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸನ್ನೇ ನಂಬಿದವರಿಗೆ ಇದರಿಂದ ಜಾಸ್ತಿ ಲಾಭ. ಆದರೆ ಎರಡೇ ಸ್ಲಾಟಿನ ಬೋರ್ಡಿಗೆ 8 ಜಿಬಿಯ ಎರಡು ಪಟ್ಟಿ ಹಾಕಿದರೆ ಮುಂದೆ ಹೆಚ್ಚಿಸಬೇಕಾದಾಗ ಹಳೆಯದನ್ನು ತೆಗೆದೇ ಹಾಕಬೇಕು. ಎಚ್610 ಬೋರ್ಡಿನಲ್ಲಿ ಎರಡೇ ಸ್ಲಾಟು ಇರೋದು. ಡಿಡಿಆರ್5ನಲ್ಲಿ ನಾಲ್ಕೂ ತುಂಬಿಸಿದರೆ ವೇಗ ಇಳಿಯುತ್ತದೆ, ಹಾಗಾಗಿ ಅಲ್ಲಿ 16 ಜಿಬಿಯ ಎರಡು ತಗೊಂಡು ಸುಮ್ಮನಿರೋದು ಜಾಣತನ.

ಬೋರ್ಡಿನ ಗಾತ್ರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಟಿಎಕ್ಸ್ 305 ಮತ್ತು 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244ರ ಚೌಕ, ಮಿನಿ ಐಟಿಎಕ್ಸ್ 170ರ ಚೌಕ. ದೊಡ್ಡ ಕ್ಯಾಬಿನೆಟ್ಟಿಗೆ ಸಣ್ಣ ಬೋರ್ಡ್ ಕೂರುತ್ತದೆ, ಸಣ್ಣದಕ್ಕೆ ದೊಡ್ಡದು ಕೂರಲ್ಲ. ಹೆಚ್ಚಿನವರಿಗೆ ಮೈಕ್ರೋ ಸಾಕು.

ಹಿಂಭಾಗದ ತೂತುಗಳನ್ನು ಎಣಿಸೋದು ಮಾತ್ರ ಮರೆಯಬೇಡಿ. ಗುಬ್ಬಿಯ ಹತ್ತಿರ ಗೆಳೆಯನೊಬ್ಬ ಆನ್‌ಲೈನ್ ಸೆಂಟರ್ ನಡೆಸುತ್ತಾನೆ. ಅವನ ಟೇಬಲ್ ನೋಡಿ: ಕೀಬೋರ್ಡು, ಮೌಸು, ಪ್ರಿಂಟರು, ಸ್ಕ್ಯಾನರು, ಬೆರಳಚ್ಚು ತಗೊಳ್ಳುವ ಯಂತ್ರ, ವೆಬ್‌ಕ್ಯಾಮು. ಇಷ್ಟರಲ್ಲೇ ಆರು ಯುಎಸ್‌ಬಿ ಆಯಿತು. ಪಹಣಿ ಪ್ರಿಂಟ್‌ಗೆ ಬಂದವರು ಕೊಡುವ ಪೆನ್‌ಡ್ರೈವ್ ಎಲ್ಲಿ ಚುಚ್ಚೋದು? ಅವನು ಮೌಸ್ ಕಿತ್ತು ಪೆನ್‌ಡ್ರೈವ್ ಹಾಕಿ, ಕೀಬೋರ್ಡಿನಲ್ಲೇ ತಡಕಾಡುತ್ತಿದ್ದ. ಅಂಥವರಿಗೆ ಗ್ರಾಫಿಕ್ಸ್ ಸ್ಲಾಟಿನ ಜನರೇಷನ್ ಯಾವುದಾದರೇನು? ಎಂಟು ಯುಎಸ್‌ಬಿ ಇರುವ ಬೋರ್ಡು, ಹಳೇ ಮಾನಿಟರ್ ಇದ್ದರೆ ವಿಜಿಎ ಪೋರ್ಟು, ಇಷ್ಟಿದ್ದರೆ ಅವನೇ ರಾಜ.

ಹಿಂಭಾಗದಲ್ಲಿ ಎಚ್‌ಡಿಎಂಐ ಇದೆ ಅಂದ ಮಾತ್ರಕ್ಕೆ ಚಿತ್ರ ಬರಲ್ಲ. ಅದಕ್ಕೆ ಪ್ರೊಸೆಸರ್‌ನೊಳಗೆ ಗ್ರಾಫಿಕ್ಸ್ ಇರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ, ಉದಾಹರಣೆಗೆ 12400ಎಫ್, ಗ್ರಾಫಿಕ್ಸ್ ಇಲ್ಲ ಅಂತ. ಎಎಂಡಿಯ ರೈಜೆನ್ 5 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಬೋರ್ಡ್ ಕೆಟ್ಟಿದೆ ಅಂತ ನನ್ನ ಹತ್ತಿರ ಬಂದವುಗಳಲ್ಲಿ ಎಷ್ಟೋ ಬೋರ್ಡುಗಳಿಗೆ ಇದ್ದ ಕಾಯಿಲೆ ಇದೇ.

ಒಂದು ಎಚ್ಚರಿಕೆ. “ಹೊಸ ಬೋರ್ಡು, ಐ5 ಸಿಸ್ಟಂ, ವಾರಂಟಿ ಇದೆ” ಅಂತ ತೀರಾ ಕಡಿಮೆ ಬೆಲೆ ಹೇಳಿದರೆ “ಎಷ್ಟನೇ ಜನರೇಷನ್?” ಅಂತ ಕೇಳಿ. ಎಚ್61 ಅನ್ನುವ ಚಿಪ್‌ಸೆಟ್ 2011ರದ್ದು. ಅದನ್ನು ಹಾಕಿ ಹೊಸದಾಗಿ ಮಾಡಿದ ಬೋರ್ಡುಗಳು ಈಗಲೂ ಹೊಳೆಯುವ ಡಬ್ಬಿಯಲ್ಲಿ ಸಿಗುತ್ತವೆ. ಅದಕ್ಕೆ ಕೂರೋದು 2 ಮತ್ತು 3ನೇ ಜನರೇಷನ್ ಪ್ರೊಸೆಸರ್. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಇಂಟೆಲ್ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬರೀ ನುಡಿಯಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಯೋಕೆ ಸಾಕು ಅನ್ನೋರು ಗೊತ್ತಿದ್ದೇ ತಗೊಳ್ಳಲಿ. ಹೊಸದು ಅಂತ ಮೋಸ ಹೋಗೋದು ಬೇಡ.

ಮುಂದೆ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ ನನ್ನ ಓಟು ಎಎಂ5ಗೆ. ಆ ಸಾಕೆಟ್ಟನ್ನು ಕನಿಷ್ಠ 2027ರವರೆಗೆ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಐದಾರು ವರ್ಷ ಮುಟ್ಟುವುದೇ ಇಲ್ಲ ಅನ್ನುವವರಿಗೆ ಈ ಲೆಕ್ಕ ಬೇಡ. ಕೈಯಲ್ಲಿ ಡಿಡಿಆರ್4 ಇರುವ ನಮ್ಮ ಹುಡುಗನಂಥವರಿಗೆ ಎಲ್‌ಜಿಎ 1700 ಅಥವಾ ಎಎಂ4 ಸಾಕು.

ನಮ್ಮ ಕಡೆ ಬೋರ್ಡು ಸಾಯೋದಕ್ಕೆ ಇನ್ನೊಂದು ಕಾರಣ ಸಿಡಿಲು. ಭರಣಿ ಮಳೆ ಹೊತ್ತಿಗೆ ಆಕಾಶ ಗುಡುಗಿದ ತಕ್ಷಣ ಪ್ಲಗ್ ಕೀಳುತ್ತೇವೆ, ಲ್ಯಾನ್ ವೈರ್ ಹಾಗೇ ಬಿಡುತ್ತೇವೆ. ತಾಮ್ರದ ವೈರಿನಲ್ಲಿ ಬಂದ ಏಟು ಬೋರ್ಡಿನ ಲ್ಯಾನ್ ಚಿಪ್ಪನ್ನು ಸುಡುತ್ತದೆ, ಕೆಲವು ಸಲ ಪೂರ್ತಿ ಬೋರ್ಡನ್ನೂ. ಅದನ್ನೂ ಕೀಳಿ. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಂ ಅನ್ನುತ್ತದೆಯಾ? ಮನೆಯ ಅರ್ಥಿಂಗ್ ಸರಿಯಿಲ್ಲ ಅಂತ ಅರ್ಥ. ಬೋರ್ಡಿಗೆ ಜಾಸ್ತಿ ದುಡ್ಡು ಹಾಕುವ ಮುಂಚೆ ಎಲೆಕ್ಟ್ರಿಷಿಯನ್‌ನ ಕರೆಸಿ.

ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಸಾಕೆಟ್ಟಿನೊಳಗಿನ ಪಿನ್ ಬಾಗಿದ್ದರೆ ವಾರಂಟಿ ಸಾಮಾನ್ಯವಾಗಿ ಸಿಗಲ್ಲ. ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಅಷ್ಟೇ ಸಂಖ್ಯೆಯ, ಕೂದಲಿನಷ್ಟು ತೆಳು ಪಿನ್‌ಗಳು ಇರುತ್ತವೆ. ಅದರ ಮೇಲೆ ಬರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಪ್ರೊಸೆಸರ್ ಕೂರಿಸಿದಾಗ ಟಕ್ ಅಂತ ಹಾರಿ ಬೀಳುತ್ತದೆ. ಎಲ್ಲರೂ ಬಿಸಾಕುತ್ತಾರೆ. ವಾಪಸ್ ಕೊಡುವಾಗ, ವಾರಂಟಿಗೆ ಕಳಿಸುವಾಗ ಅದೇ ಮುಚ್ಚಳ ಬೇಕು.

ನಮ್ಮ ಹುಡುಗನೂ ಬಿಸಾಕಿದ್ದ. ಬೋರ್ಡ್ ವಾಪಸ್ ಕೊಟ್ಟು ಡಿಡಿಆರ್4ನ ಬಿ760 ತರೋಣ ಅಂತ ತೀರ್ಮಾನ ಆದ ಮೇಲೆ, ಹಬ್ಬದ ದಿನ ಮಾವ ಅಳಿಯ ಇಬ್ಬರೂ ಹಿತ್ತಲಿನ ಕಸದ ಗುಂಡಿಗೆ ಇಳಿದೆವು. ತೆಂಗಿನ ನಾರು, ಮಾವಿನ ಎಲೆ, ಹೂರಣದ ಬೇಳೆ ಕಟ್ಟು ಸೋಸಿದ ಬಟ್ಟೆ, ಎಲ್ಲ ಜಾಲಾಡಿದ ಮೇಲೆ ಮುಚ್ಚಳ ಸಿಕ್ಕಿತು. ತೊಳೆದು, ಒರೆಸಿ, ಒಣಗಿಸಿ ಹಾಕಿದೆವು. ಅಂಗಡಿಯವರು ಟಾರ್ಚ್ ಬಿಟ್ಟು ಪಿನ್‌ಗಳನ್ನು ನೋಡಿ, ಡಬ್ಬಿಯೊಳಗೆ ಎಲ್ಲ ಸಾಮಾನೂ ಇದೆಯಾ ಅಂತ ಎಣಿಸಿ, ಬದಲಿಸಿ ಕೊಟ್ಟರು. ಮೇಲೆ ಸ್ವಲ್ಪ ದುಡ್ಡು ಸೇರಿಸಿದ್ದಾಯಿತು.

ಹೊಸ ಬೋರ್ಡಿನ ಡಬ್ಬಿ, ಮುಚ್ಚಳ, ಬಿಲ್ಲು ಮೂರನ್ನೂ ಅಟ್ಟದ ಮೇಲೆ ಇಡು ಅಂತ ತಂಗಿಗೆ ಹೇಳಿ ಬಂದಿದ್ದೆ. ಹೋದ ತಿಂಗಳು ಹೋದಾಗ ನೋಡಿದರೆ ಡಬ್ಬಿ ಅಡಿಗೆಮನೆಯ ಶೆಲ್ಫ್ ಮೇಲಿದೆ. ಒಳಗೆ ಹಪ್ಪಳ.

“ಮುಚ್ಚಳ ಎಲ್ಲೇ?”

“ದೇವರ ಮನೆ ಗೂಡಲ್ಲಿ ಇಟ್ಟಿದ್ದೀನಿ ಕಣೋ ಅಣ್ಣ, ಬಿಲ್ಲಿನ ಜೊತೆ. ಅದನ್ನ ಹುಡುಕೋಕೆ ನೀವು ಪಟ್ಟ ಪಾಡು ನೋಡಿಲ್ವಾ ನಾನು?”